ಕೋಚ್ ಬದಲಾದರೆ ಸಾಕೇ? ಬ್ಲಾಸ್ಟರ್ಸ್ ಆಡಳಿತದ ಹೊಣೆಗಾರಿಕೆಯ ಕುರಿತು ಕಾಸರಗೋಡಿನ ಕನ್ನಡ ಅಭಿಮಾನಿಗಳ 2025ರ ಚರ್ಚೆ (ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಮಂಜೇಶ್ವರದ ಹಳದಿ ಅಂಗಿ

ಕೊಚ್ಚಿಯ ಫುಟ್‌ಬಾಲ್ ಕ್ಲಬ್ ಕೇರಳ ಬ್ಲಾಸ್ಟರ್ಸ್‌ನ 2024-25ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) 2025ರ ಮಾರ್ಚ್ 12ರಂದು ಹೈದರಾಬಾದ್‌ನಲ್ಲಿ 1-1 ಸಮಬಲದೊಂದಿಗೆ ಮುಗಿಯಿತು. 24 ಪಂದ್ಯಗಳಿಂದ 29 ಅಂಕ, ಎಂಟನೇ ಸ್ಥಾನ. ಹಿಂದಿನ ಮೂರು ಋತುಗಳಲ್ಲಿ ಸತತವಾಗಿ ಪ್ಲೇಆಫ್ ತಲುಪಿದ್ದ ತಂಡ ಇದು. ಮಾರ್ಚ್ ಮುಗಿಯುವ ಮೊದಲೇ ಸ್ಪೇನಿನ ಡೇವಿಡ್ ಕತಾಲಾ ಹೊಸ ಮುಖ್ಯ ಕೋಚ್ ಆಗಿ ನೇಮಕಗೊಂಡರು. ಸೂಪರ್ ಕಪ್‌ನಲ್ಲಿ ಈಸ್ಟ್ ಬೆಂಗಾಲ್ ತಂಡವನ್ನು 2-0ರಿಂದ ಸೋಲಿಸಿದಾಗ ಸ್ವಲ್ಪ ಉಸಿರು ಬಂದಿತ್ತು. ಕ್ವಾರ್ಟರ್‌ಫೈನಲ್‌ನಲ್ಲಿ ಮೋಹನ್ ಬಗಾನ್ ನಮ್ಮನ್ನು 2-1ರಿಂದ ಮನೆಗೆ ಕಳುಹಿಸಿತು. ಆ ಪಂದ್ಯದ ಮೊದಲ ಗೋಲು ಹೊಡೆದವರು ಸಹಲ್ ಅಬ್ದುಲ್ ಸಮದ್. ನಮ್ಮ ಪಕ್ಕದ ಪಯ್ಯನ್ನೂರಿನ ಹುಡುಗ, ನಾವೇ ಬೆಳೆಸಿ 2023ರಲ್ಲಿ ಬಿಟ್ಟುಕೊಟ್ಟ ಆಟಗಾರ.

ಕತಾಲಾ ಅವರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ನನ್ನ ಪ್ರಶ್ನೆ ಇರುವುದು ಅವರನ್ನು ಕರೆತಂದವರ ಬಗ್ಗೆ. 2014ರಿಂದ ಈಚೆಗೆ ಡೇವಿಡ್ ಜೇಮ್ಸ್, ಪೀಟರ್ ಟೇಲರ್, ಸ್ಟೀವ್ ಕೊಪ್ಪೆಲ್, ರೆನೆ ಮ್ಯೂಲೆನ್‌ಸ್ಟೀನ್, ಮತ್ತೊಮ್ಮೆ ಜೇಮ್ಸ್, ನೆಲೊ ವಿಂಗಾಡ, ಎಲ್ಕೊ ಶಟೋರಿ, ಕಿಬು ವಿಕುನಾ, ಇವಾನ್ ವುಕೊಮನೋವಿಚ್, ಮಿಖಾಯೆಲ್ ಸ್ಟಾರೆ ಎಂದು ಹೆಸರುಗಳನ್ನು ಹೇಳುತ್ತಾ ಹೋದರೆ, ಇವರಲ್ಲಿ ಒಂದು ಋತುವನ್ನು ದಾಟಿ ಎರಡನೆಯದನ್ನೂ ಪೂರ್ತಿಯಾಗಿ ಕಂಡವರು ಇವಾನ್ ಒಬ್ಬರೇ. ಅವರ ಮೂರು ಋತುಗಳಲ್ಲಿಯೇ ನಾವು ಮೂರು ಬಾರಿಯೂ ಪ್ಲೇಆಫ್ ಆಡಿದ್ದೇವೆ, ಒಂದು ಫೈನಲ್ ಕಂಡಿದ್ದೇವೆ. 2024ರ ಏಪ್ರಿಲ್‌ನಲ್ಲಿ ಅವರೂ ಹೊರಟರು. ಅವರ ಜಾಗಕ್ಕೆ ಬಂದ ಸ್ಟಾರೆ 12 ಪಂದ್ಯಗಳಲ್ಲಿ 11 ಅಂಕ ಗಳಿಸಿ, ತಂಡ ಹತ್ತನೇ ಸ್ಥಾನದಲ್ಲಿದ್ದಾಗ ಡಿಸೆಂಬರ್ 16ರಂದು ಹುದ್ದೆ ಕಳೆದುಕೊಂಡರು.

ಪ್ರತಿ ಸಲವೂ ಸೋಲಿನ ಹೊಣೆಯನ್ನು ಕೋಚ್‌ನ ಕೊರಳಿಗೆ ಕಟ್ಟಿ ಕಳುಹಿಸಲಾಗುತ್ತದೆ. ಆ ಕೋಚ್‌ನನ್ನು ಆರಿಸಿದವರು, ಅವನ ಕೈಗೆ ಆ ಆಟಗಾರರನ್ನು ಕೊಟ್ಟವರು, ಯಾವ ಸ್ಥಾನಕ್ಕೆ ಎಷ್ಟು ಖರ್ಚು ಮಾಡಬೇಕೆಂದು ನಿರ್ಧರಿಸಿದವರು ಮಾತ್ರ ಯಾವ ಪ್ರಶ್ನೆಗೂ ಉತ್ತರ ಹೇಳದೆ ಮುಂದಿನ ಆಯ್ಕೆಗೆ ಕೂರುತ್ತಾರೆ. ಹನ್ನೊಂದು ಋತುಗಳಾದರೂ ಒಂದೇ ಒಂದು ದೊಡ್ಡ ಟ್ರೋಫಿ ಇಲ್ಲದಿರುವುದಕ್ಕೆ ಕಾರಣವನ್ನು ಮೈದಾನದ ಅಂಚಿನಲ್ಲಿ ನಿಲ್ಲುವ ವ್ಯಕ್ತಿಯಲ್ಲಿ ಎಷ್ಟು ದಿನ ಹುಡುಕುವುದು?

ಉಪ್ಪಳ ಗ್ಯಾಲರಿ

ಅಣ್ಣ, ಸಹಲ್ ವಿಷಯವನ್ನು ನೀವೇ ಎತ್ತಿದ್ದರಿಂದ ಅಲ್ಲಿಂದಲೇ ಮುಂದುವರಿಸುತ್ತೇನೆ. 2023ರ ಜುಲೈಯಲ್ಲಿ ಸಹಲ್ ಅವರನ್ನು ಮೋಹನ್ ಬಗಾನ್‌ಗೆ ಕೊಟ್ಟಾಗ ಅದಕ್ಕೆ ಪ್ರತಿಯಾಗಿ ಪ್ರೀತಮ್ ಕೊಟಾಲ್ ಬಂದರು. ಅನುಭವಿ ಡಿಫೆಂಡರ್ ಸಿಕ್ಕಿದ್ದಾರೆ, ರಕ್ಷಣಾ ಸಾಲು ಗಟ್ಟಿಯಾಗುತ್ತದೆ ಎಂದು ನಮಗೆ ಹೇಳಲಾಯಿತು. ಆ ಕೊಟಾಲ್ 2025ರ ಜನವರಿಯಲ್ಲಿ ಚೆನ್ನೈಯಿನ್‌ಗೆ ಹೋದರು. ಹೀಗೆ ಒಂದೂವರೆ ವರ್ಷದಲ್ಲಿ ಆ ವಿನಿಮಯದ ಎರಡೂ ತುದಿಗಳು ನಮ್ಮ ಕೈಯಿಂದ ಜಾರಿದವು. ಸಹಲ್ ಆದರೋ ಅಲ್ಲಿ ಲೀಗ್ ಹಂತದಲ್ಲಿ ಮೊದಲಿಗರಾದವರಿಗೆ ಸಿಗುವ ಶೀಲ್ಡನ್ನು 2023-24ರಲ್ಲಿ, ಮತ್ತೆ 2024-25ರಲ್ಲಿ, ಅದರ ಮೇಲೆ ಐಎಸ್‌ಎಲ್ ಕಪ್ಪನ್ನೂ ಗೆದ್ದರು.

ಇದೊಂದೇ ಆಗಿದ್ದರೆ ದುರದೃಷ್ಟ ಎನ್ನಬಹುದಿತ್ತು. 2021-22ರಲ್ಲಿ ಗೋಲ್ಡನ್ ಗ್ಲೌ ಪಡೆದ ಗೋಲ್‌ಕೀಪರ್ ಪ್ರಭಸುಖನ್ ಗಿಲ್ ಅವರನ್ನು 2023ರಲ್ಲಿ ಈಸ್ಟ್ ಬೆಂಗಾಲ್‌ಗೆ ಮಾರಲಾಯಿತು. ಜೀಕ್ಸನ್ ಸಿಂಗ್ ಅವರನ್ನು ಮುಂದಿನ ವರ್ಷ ಅದೇ ಈಸ್ಟ್ ಬೆಂಗಾಲ್‌ಗೆ ಮಾರಲಾಯಿತು. 2023-24ರಲ್ಲಿ 13 ಗೋಲು ಹೊಡೆದು ಗೋಲ್ಡನ್ ಬೂಟ್ ಪಡೆದ ದಿಮಿತ್ರಿಯೊಸ್ ದಿಯಾಮಾಂಟಕೋಸ್ ಒಪ್ಪಂದ ಮುಗಿಸಿಕೊಂಡು ಹೊರಟರು, ಅವರೂ ಹೋಗಿ ಸೇರಿದ್ದು ಅಲ್ಲಿಗೇ. ಫೈನಲ್ ಆಡಿದ 2022ರಲ್ಲಿ ಕೂಡ ಇದೇ ಆಗಿತ್ತು: ಅಲ್ವಾರೊ ವಾಸ್ಕ್ವೆಜ್ ಗೋವಾಕ್ಕೆ ಹೋದರು, ಜಾರ್ಜ್ ಪೆರೇರಾ ದಿಯಾಜ್ ಮುಂಬೈಗೆ ಹೋಗಿ ಅಲ್ಲಿ ಶೀಲ್ಡ್ ಗೆದ್ದರು. ಒಳ್ಳೆಯ ಆಟಗಾರ ಹೊರಡುವುದು ಫುಟ್‌ಬಾಲ್‌ನಲ್ಲಿ ಹೊಸತಲ್ಲ. ಆದರೆ ಹೊರಟವನ ಜಾಗಕ್ಕೆ ಅವನಷ್ಟೇ ಸಮರ್ಥನನ್ನು ಋತು ಆರಂಭವಾಗುವ ಮೊದಲೇ ತಂದು ನಿಲ್ಲಿಸುವುದು ಕ್ರೀಡಾ ನಿರ್ದೇಶಕರ ಕೆಲಸ. 2020ರಲ್ಲಿ ಆ ಹುದ್ದೆಗೆ ಬಂದ ಕರೊಲಿಸ್ ಸ್ಕಿಂಕಿಸ್ ಅವರು ಕೋಚ್ ಇವಾನ್, ಆಟಗಾರರಾದ ಲೂನಾ, ವಾಸ್ಕ್ವೆಜ್ ಅವರನ್ನು ಹುಡುಕಿ ತಂದ ಕೀರ್ತಿಗೆ ನಿಜವಾಗಿಯೂ ಅರ್ಹರು. ಆ ಕೀರ್ತಿಯನ್ನು ಅವರಿಗೆ ಕೊಡುವವರು ಕಳೆದ ಎರಡು ವರ್ಷಗಳ ಲೆಕ್ಕವನ್ನೂ ಅವರಲ್ಲೇ ಕೇಳಬೇಕು.

ಲೆಕ್ಕದ ಪುಸ್ತಕ, ಕಾಸರಗೋಡು

ಇಬ್ಬರ ಬೇಸರವೂ ನನಗೆ ಅರ್ಥವಾಗುತ್ತದೆ, ಆದರೂ ಮಾಲೀಕರ ಕಡೆಯ ಮಾತನ್ನು ಯಾರಾದರೂ ಹೇಳಲೇಬೇಕು. 2014ರಲ್ಲಿ ಸಚಿನ್ ತೆಂಡೂಲ್ಕರ್ ಮತ್ತು ಪ್ರಸಾದ್ ಪೊಟ್ಲೂರಿ ಈ ಕ್ಲಬ್ಬನ್ನು ಕಟ್ಟಿದರು. 2016ರಲ್ಲಿ ನಿಮ್ಮಗಡ್ಡ ಪ್ರಸಾದ್, ಚಿರಂಜೀವಿ, ನಾಗಾರ್ಜುನ, ಅಲ್ಲು ಅರವಿಂದ್ ಬಂದರು. 2018ರಲ್ಲಿ ಸಚಿನ್ ತಮ್ಮ ಪಾಲನ್ನು ಬಿಟ್ಟರು. ಅಲ್ಲಿಂದೀಚೆಗೆ ಉಳಿದವರು ಪ್ರತಿ ವರ್ಷ ಕೈಯಿಂದ ಹಣ ಹಾಕಿಯೇ ತಂಡವನ್ನು ನಡೆಸುತ್ತಿದ್ದಾರೆ. ಭಾರತದಲ್ಲಿ ಫುಟ್‌ಬಾಲ್ ಕ್ಲಬ್ ನಡೆಸಿ ಲಾಭ ಮಾಡಿಕೊಂಡವರನ್ನು ನಾನಂತೂ ಕಂಡಿಲ್ಲ. ಟಿಕೆಟ್, ಪ್ರಾಯೋಜಕತ್ವ ಮತ್ತು ಲೀಗಿನಿಂದ ಬರುವ ಪಾಲು ಸೇರಿದರೂ ವಿದೇಶಿ ಆಟಗಾರರ ಸಂಬಳ, ಪ್ರಯಾಣ, ಕ್ರೀಡಾಂಗಣದ ಬಾಡಿಗೆಗಳನ್ನು ಸರಿದೂಗಿಸುವುದು ಕಷ್ಟ. ಆಟಗಾರರ ಮಾರಾಟದಿಂದ ಬರುವ ಹಣ ಇಲ್ಲಿ ದುರಾಸೆಯ ಹಣವಲ್ಲ, ಬದುಕಿ ಉಳಿಯುವ ಹಣ.

2022ರ ಮಾರ್ಚ್ 20ರಂದು ಫತೋರ್ಡಾದಲ್ಲಿ ನಮ್ಮನ್ನು ಪೆನಾಲ್ಟಿ ಶೂಟೌಟ್‌ನಲ್ಲಿ 3-1ರಿಂದ ಸೋಲಿಸಿ ಕಪ್ ಗೆದ್ದ ಹೈದರಾಬಾದ್ ತಂಡದ ಗತಿಯನ್ನು ನೆನಪಿಸಿಕೊಳ್ಳಿ. ಎರಡೇ ವರ್ಷಗಳಲ್ಲಿ ಅಲ್ಲಿ ಸಂಬಳ ಬಾಕಿಯಾಯಿತು, ಆಟಗಾರರು ಒಬ್ಬೊಬ್ಬರಾಗಿ ಬಿಟ್ಟುಹೋದರು, 2023-24ರಲ್ಲಿ ಆ ತಂಡ ಪಟ್ಟಿಯ ತಳದಲ್ಲಿ ಮುಗಿಸಿತು. ಕಪ್ ಗೆದ್ದವರ ಸ್ಥಿತಿ ಇದು. ಲೀಗ್ ನಡೆಸುತ್ತಿದ್ದ ಕಂಪನಿಗೂ ಫುಟ್‌ಬಾಲ್ ಫೆಡರೇಶನ್‌ಗೂ 2010ರಲ್ಲಿ ಆದ 15 ವರ್ಷಗಳ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವಂತಿತ್ತು. ಅದರ ನಂತರ ಏನು ಎಂಬುದು ಯಾವ ಕ್ಲಬ್ಬಿಗೂ ಸ್ಪಷ್ಟವಿರಲಿಲ್ಲ. ಇಂತಹ ಹೊತ್ತಿನಲ್ಲಿ ದೊಡ್ಡ ಮೊತ್ತಕ್ಕೆ ಸಹಿ ಹಾಕಲು ಹಿಂಜರಿಯುವ ಮಾಲೀಕನನ್ನು ನಾನು ದೂಷಿಸಲಾರೆ.

ಅಡಿಕೆ ತೋಟ, ಪೆರ್ಲ

ಲೆಕ್ಕದ ಪುಸ್ತಕದವರೇ, ನಷ್ಟವಾಗುತ್ತಿದೆ ಎಂಬುದನ್ನು ಒಪ್ಪೋಣ. ನಷ್ಟದಲ್ಲಿರುವ ಸಂಸ್ಥೆ ತನ್ನವರಿಗೆ ಲೆಕ್ಕ ಹೇಳಬಾರದು ಎಂದು ಯಾವ ನಿಯಮವಿದೆ?

ನಾವು ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊದ ಸದಸ್ಯರು. ಅಡಿಕೆ ಬೆಲೆ ಕುಸಿದು ಕೃಷಿಕರು ದಿಕ್ಕು ಕಾಣದೆ ನಿಂತಿದ್ದ ಕಾಲದಲ್ಲಿ, 1973ರಲ್ಲಿ, ಕರ್ನಾಟಕ ಮತ್ತು ಕೇರಳ ಎರಡೂ ಕಡೆಯ ಬೆಳೆಗಾರರನ್ನು ಸೇರಿಸಿ ವಾರಣಾಶಿ ಸುಬ್ರಾಯ ಭಟ್ಟರು ಅದನ್ನು ಕಟ್ಟಿದರು. ಅಲ್ಲಿಯೂ ಒಳ್ಳೆಯ ವರ್ಷ, ಕೆಟ್ಟ ವರ್ಷ ಎಂಬುದು ಇದ್ದದ್ದೇ. ಆದರೆ ವರ್ಷಕ್ಕೊಮ್ಮೆ ಮಹಾಸಭೆ ನಡೆಯುತ್ತದೆ, ವರದಿ ಮುದ್ರಿತವಾಗಿ ಕೈಗೆ ಬರುತ್ತದೆ, ಎರಡು ಎಕರೆ ತೋಟದವನೂ ಎದ್ದು ನಿಂತು ಈ ಖರ್ಚು ಯಾಕೆ ಎಂದು ಕೇಳಬಹುದು, ವೇದಿಕೆಯಲ್ಲಿರುವವರು ಉತ್ತರ ಹೇಳಬೇಕು. ಉತ್ತರ ಎಲ್ಲರಿಗೂ ಹಿಡಿಸುತ್ತದೆ ಎಂದೇನಲ್ಲ. ಕೇಳುವ ಹಕ್ಕು ಮತ್ತು ಹೇಳುವ ಕರ್ತವ್ಯ, ಎರಡೂ ಅಲ್ಲಿ ಲಿಖಿತವಾಗಿವೆ.

ಬ್ಲಾಸ್ಟರ್ಸ್ ಖಾಸಗಿ ಕಂಪನಿ, ಸಹಕಾರಿ ಸಂಘವಲ್ಲ ಎಂದು ನೀವು ಹೇಳುವಿರಿ. ಜರ್ಮನಿಯಲ್ಲಿ ವೃತ್ತಿಪರ ಕ್ಲಬ್‌ಗಳ ಮತದಾನದ ಹಕ್ಕಿನಲ್ಲಿ ಬಹುಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಕೆಲವೇ ಕ್ಲಬ್‌ಗಳಿಗೆ ಅದರಿಂದ ವಿನಾಯಿತಿ. ಅದನ್ನು ನಾಳೆಯೇ ಕೊಚ್ಚಿಗೆ ತನ್ನಿ ಎನ್ನುವಷ್ಟು ಅವಿವೇಕ ನನ್ನಲ್ಲಿಲ್ಲ. ಆದರೆ ಮಾಲೀಕತ್ವವನ್ನು ಹಂಚಿಕೊಳ್ಳದೆಯೂ ಉತ್ತರ ಹೇಳಬಹುದಲ್ಲ! ಋತು ಮುಗಿದ ಮೇಲೆ ಒಂದು ದಿನ ನಿಗದಿಪಡಿಸಿ, ಇಂತಹ ಗುರಿ ಇಟ್ಟುಕೊಂಡಿದ್ದೆವು, ಇಷ್ಟು ಆಯಿತು, ಇಷ್ಟು ಆಗಲಿಲ್ಲ, ಆಗದಿರುವುದಕ್ಕೆ ಇಂತಹ ನಿರ್ಧಾರ ಕಾರಣ ಎಂದು ಹೇಳುವುದಕ್ಕೆ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.

ಮುಳ್ಳೇರಿಯದ ನೀಲಿ

ನಾನು ಬೆಂಗಳೂರು ಎಫ್‌ಸಿ ಬೆಂಬಲಿಗ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. 2023ರಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಆ ವಿವಾದಿತ ಫ್ರೀಕಿಕ್ ಬಗ್ಗೆ ಮತ್ತೆ ಜಗಳ ಬೇಡ; ನಾನು ಹೇಳಬೇಕೆಂದಿರುವುದು ಬೇರೆ.

2023-24ರಲ್ಲಿ ನಮ್ಮ ತಂಡವೂ ನೆಲ ಕಚ್ಚಿತ್ತು. ಡಿಸೆಂಬರ್‌ನಲ್ಲಿ ಸೈಮನ್ ಗ್ರೇಸನ್ ಅವರನ್ನು ತೆಗೆದು ಜೆರಾರ್ಡ್ ಸರಗೋಸಾ ಅವರನ್ನು ತಂದರು. ಅವರು ಬಂದ ಮೇಲೂ ಚೇತರಿಕೆ ಕಾಣಲಿಲ್ಲ, ಋತುವಿನ ಕೊನೆಗೆ ನಾವು ಹತ್ತನೇ ಸ್ಥಾನದಲ್ಲಿದ್ದೆವು. ಅಂದು ನಮ್ಮಲ್ಲಿ ಬಹಳ ಮಂದಿ ಅವರನ್ನೂ ಕಳುಹಿಸಬೇಕೆಂದು ಕೂಗಿದರು. ಆಡಳಿತ ಅವರನ್ನು ಉಳಿಸಿಕೊಂಡಿತು, ಬೇಸಿಗೆಯಲ್ಲಿ ಅವರಿಗೆ ಬೇಕಾದ ಆಟಗಾರರನ್ನು ಕೊಟ್ಟಿತು. ಮುಂಬೈಯಿಂದ ಬಂದವರಲ್ಲಿ ನಿಮ್ಮ ಹಳೆಯ ಪೆರೇರಾ ದಿಯಾಜ್ ಕೂಡ ಒಬ್ಬರು. 2024ರ ಡಿಸೆಂಬರ್ 7ರಂದು ನಿಮ್ಮ ವಿರುದ್ಧ 4-2ರಿಂದ ಗೆದ್ದೆವು, ನಲವತ್ತರ ಸುನಿಲ್ ಛೆಟ್ರಿ ಹ್ಯಾಟ್ರಿಕ್ ಹೊಡೆದರು. 2025ರ ಏಪ್ರಿಲ್ 12ರ ಫೈನಲ್‌ನಲ್ಲಿ ಕೋಲ್ಕತ್ತದಲ್ಲಿ ಹೆಚ್ಚುವರಿ ಸಮಯದಲ್ಲಿ ಸೋತೆವು, ನಿಜ; ಆದರೆ ಹತ್ತನೇ ಸ್ಥಾನದಿಂದ ಫೈನಲ್‌ಗೆ ಒಂದು ವರ್ಷದಲ್ಲಿ ಬಂದದ್ದು ಅದೇ ಕೋಚ್ ಜೊತೆಗೆ.

ನಮ್ಮ ಆಡಳಿತ ತಪ್ಪೇ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ತಾನು ಮಾಡಿದ ಆಯ್ಕೆಯ ಹಿಂದೆ ನಿಲ್ಲುವ ಆಡಳಿತಕ್ಕೂ ಮೊದಲ ಬಿರುಗಾಳಿಗೇ ತನ್ನ ಆಯ್ಕೆಯನ್ನು ಹೊರಗೆ ದೂಡುವ ಆಡಳಿತಕ್ಕೂ ಇರುವ ವ್ಯತ್ಯಾಸವನ್ನು ಪಕ್ಕದಿಂದ ನೋಡುತ್ತಿರುವವನಾಗಿ ಹೇಳಿದೆ.

ಕುಂಬಳೆ ಟೀಚರ್

ಇಷ್ಟು ಹೊತ್ತು ಯಾರೂ ಮಹಿಳಾ ತಂಡದ ಹೆಸರೆತ್ತಲಿಲ್ಲ. ಮುಳ್ಳೇರಿಯದವರು ಫ್ರೀಕಿಕ್ ಬೇಡ ಎಂದರೂ, ಆ ರಾತ್ರಿಯ ಬೆಲೆಯನ್ನು ಕೊನೆಗೆ ಯಾರು ತೆತ್ತರು ಎಂಬುದನ್ನು ಹೇಳದಿದ್ದರೆ ಈ ಚರ್ಚೆ ಅರ್ಧವಾಗುತ್ತದೆ.

2023ರ ಮಾರ್ಚ್ 3ರಂದು ಬೆಂಗಳೂರು ವಿರುದ್ಧದ ಪ್ಲೇಆಫ್‌ನಲ್ಲಿ, ಹೆಚ್ಚುವರಿ ಸಮಯದಲ್ಲಿ, ಬ್ಲಾಸ್ಟರ್ಸ್ ಆಟಗಾರರು ಫ್ರೀಕಿಕ್‌ಗೆ ಅಡ್ಡವಾಗಿ ಗೋಡೆಯಂತೆ ಸಾಲುಗಟ್ಟುವ ಮೊದಲೇ ಛೆಟ್ರಿ ಒದ್ದ ಚೆಂಡು ಗೋಲಾಯಿತು, ರೆಫ್ರಿ ಅದನ್ನು ಒಪ್ಪಿದರು, ಕೋಚ್ ಇವಾನ್ ತಂಡವನ್ನು ಮೈದಾನದಿಂದ ಹೊರಗೆ ಕರೆದರು. ಫೆಡರೇಶನ್ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ವಿಧಿಸಿತು, ಇವಾನ್ ಅವರಿಗೆ 10 ಪಂದ್ಯಗಳ ನಿಷೇಧ ಹಾಕಿತು. ಆ ನಡೆ ಸರಿಯೋ ತಪ್ಪೋ ಎಂಬ ಬಗ್ಗೆ ನನಗೂ ನನ್ನ ಮನೆಯವರಿಗೂ ಇಂದಿಗೂ ಒಮ್ಮತವಿಲ್ಲ. ಆದರೆ ಅದೇ ವರ್ಷದ ಜೂನ್‌ನಲ್ಲಿ ಕ್ಲಬ್ ಆ ದಂಡದ ಕಾರಣ ಮುಂದೊಡ್ಡಿ ತನ್ನ ಮಹಿಳಾ ತಂಡವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಪುರುಷರ ಪಂದ್ಯವೊಂದರಲ್ಲಿ ಪುರುಷರು ತೆಗೆದುಕೊಂಡ ನಿರ್ಧಾರಕ್ಕೆ, ಒಂದು ವರ್ಷವೂ ತುಂಬದ ತಂಡದ ಹೆಣ್ಣುಮಕ್ಕಳು ಜೆರ್ಸಿ ಕಳಚಿಡಬೇಕಾಯಿತು. ತಾತ್ಕಾಲಿಕ ಎಂಬ ಆ ಮಾತು 2025ಕ್ಕೆ ಎರಡು ವರ್ಷದ್ದಾಗುತ್ತಾ ಬಂತು.

ನಾನು ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವವಳು. ಮಗಳು ಚೆಂಡಿನ ಹಿಂದೆ ಓಡುವುದಕ್ಕೆ ಒಪ್ಪದ ತಂದೆತಾಯಿಗಳ ಎದುರು, ನೋಡಿ, ನಮ್ಮ ರಾಜ್ಯದ ದೊಡ್ಡ ಕ್ಲಬ್ಬಿಗೂ ಮಹಿಳಾ ತಂಡವಿದೆ ಎಂದು ಹೇಳಲು ನನಗೆ ಒಂದು ಆಧಾರ ಸಿಕ್ಕಿತ್ತು, ಅದು ಹೋಯಿತು. ಅದೇ ಕೇರಳದಲ್ಲಿ, ಇಷ್ಟು ಜನಬೆಂಬಲವಾಗಲಿ ಪ್ರಾಯೋಜಕರಾಗಲಿ ಇಲ್ಲದ ಗೋಕುಲಂ ಕೇರಳ ತನ್ನ ಮಹಿಳಾ ತಂಡದೊಂದಿಗೆ ಭಾರತೀಯ ಮಹಿಳಾ ಲೀಗನ್ನು ಮೂರು ಬಾರಿ ಗೆದ್ದಿದೆ. ಅದರ ಪುರುಷರ ತಂಡ 2019ರಲ್ಲಿ ಡುರಾಂಡ್ ಕಪ್ ಗೆದ್ದಿತು, 2020-21 ಮತ್ತು 2021-22ರಲ್ಲಿ ಸತತ ಎರಡು ಬಾರಿ ಐ-ಲೀಗ್ ಗೆದ್ದಿತು. ಹಣವಿಲ್ಲ ಎಂಬ ವಾದವನ್ನು ನಾನು ಪೂರ್ತಿ ನಂಬದಿರುವುದು ಇದರಿಂದಲೇ. ಇರುವ ಹಣವನ್ನು ಯಾವುದಕ್ಕೆ ಮೊದಲು ಕಡಿತಗೊಳಿಸುತ್ತೀರಿ ಎಂಬಲ್ಲಿ ನಾಯಕತ್ವದ ಮನಸ್ಸು ಕಾಣುತ್ತದೆ.

ಲೆಕ್ಕದ ಪುಸ್ತಕ, ಕಾಸರಗೋಡು

ಟೀಚರ್ ಹೇಳಿದ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆಟಗಾರರ ಮಾರಾಟದ ವಿಷಯದಲ್ಲಿ ನನ್ನ ನಿಲುವು ಬದಲಾಗದು, ಆದರೆ ಮಹಿಳಾ ತಂಡದ ಖರ್ಚು ಒಬ್ಬ ಮಧ್ಯಮ ದರ್ಜೆಯ ವಿದೇಶಿ ಆಟಗಾರನ ಖರ್ಚಿಗಿಂತ ಹೆಚ್ಚೇನೂ ಆಗಿರಲಾರದು.

ತ್ರಿಕ್ಕರಿಪುರದಿಂದ

ನಾನು ಕನ್ನಡದಲ್ಲಿ ಬರೆಯುವುದು ಅಪರೂಪ, ಓದುತ್ತಿರುತ್ತೇನೆ. ನಮ್ಮೂರಿನ ಮೊಹಮ್ಮದ್ ರಫಿ 2016ರ ಡಿಸೆಂಬರ್ 18ರ ಫೈನಲ್‌ನಲ್ಲಿ, ಕೊಚ್ಚಿಯ ಕಲೂರಿನಲ್ಲಿ, ಹೆಡರ್ ಮೂಲಕ ಬ್ಲಾಸ್ಟರ್ಸ್‌ಗೆ ಮುನ್ನಡೆ ತಂದುಕೊಟ್ಟಾಗ ಊರಿಡೀ ಬೀದಿಗೆ ಬಂದಿತ್ತು. ಆಮೇಲೆ ಎದುರಾಳಿಯಾದ ಕೋಲ್ಕತ್ತದ ಎಟಿಕೆ ಸಮಬಲ ಸಾಧಿಸಿತು, ಶೂಟೌಟ್‌ನಲ್ಲಿ 4-3ರಿಂದ ನಾವು ಸೋತೆವು. ಅಂದಿನಿಂದ ಇಂದಿನವರೆಗೆ ಈ ಜಿಲ್ಲೆಯ ಸೆವೆನ್ಸ್ (ಏಳು ಮಂದಿಯ ಫುಟ್‌ಬಾಲ್) ಮೈದಾನಗಳಲ್ಲಿ, ಮೊಗ್ರಾಲ್‌ನಿಂದ ತ್ರಿಕ್ಕರಿಪುರದವರೆಗೆ, ಎಷ್ಟೋ ಒಳ್ಳೆಯ ಹುಡುಗರು ಆಡಿ ಬೆಳೆದಿದ್ದಾರೆ. ಅವರನ್ನು ನೋಡಲು ಕ್ಲಬ್ಬಿನಿಂದ ಯಾರಾದರೂ ಬಂದು ಗದ್ದೆಯ ಬದುವಿನಲ್ಲಿ ನಿಂತದ್ದನ್ನು ನಾನು ನೋಡಿಲ್ಲ. ಅಕಾಡೆಮಿಯಿಂದ ಸಚಿನ್ ಸುರೇಶ್, ವಿಬಿನ್ ಮೋಹನನ್, ಐಮೆನ್ ಮತ್ತು ಅಸ್ಹರ್ ಸಹೋದರರು ಬಂದಿದ್ದಾರೆ, ಅದು ಸಂತೋಷ. ಉತ್ತರ ಕೇರಳಕ್ಕೂ ಒಂದು ಕಣ್ಣು ಇಡಲಿ.

ಮಂಜೇಶ್ವರದ ಹಳದಿ ಅಂಗಿ

ಎಲ್ಲರ ಮಾತನ್ನೂ ಎರಡೆರಡು ಬಾರಿ ಓದಿದೆ. ಲೆಕ್ಕದ ಪುಸ್ತಕದವರು ಹೇಳಿದ ಹೈದರಾಬಾದ್ ಉದಾಹರಣೆ ಗಟ್ಟಿಯಾದದ್ದು. ಸಂಬಳ ನಿಲ್ಲಿಸದ ಮಾಲೀಕರು ಸಿಕ್ಕಿರುವುದು ಸಣ್ಣ ವಿಷಯವಲ್ಲ. ಆದರೆ ಇನ್ನೊಂದು ಸಂಗತಿಯನ್ನೂ ಅದರ ಪಕ್ಕದಲ್ಲಿಡಬೇಕು. ಈ ಲೀಗಿನಲ್ಲಿ 2024-25ರವರೆಗೆ ಯಾವ ತಂಡವೂ ಕೆಳಗಿನ ದರ್ಜೆಗೆ ಇಳಿದಿಲ್ಲ. ಕೆಳಗಿನ ದರ್ಜೆಯ ಐ-ಲೀಗ್ ಗೆದ್ದು 2023-24ರಲ್ಲಿ ಪಂಜಾಬ್ ಮೇಲಕ್ಕೆ ಬಂತು, ಆದರೆ ಮೇಲಿನಿಂದ ಯಾರೂ ಕೆಳಗೆ ಹೋಗಲಿಲ್ಲ. ಇಂಗ್ಲೆಂಡಿನಲ್ಲಾಗಲಿ ಜರ್ಮನಿಯಲ್ಲಾಗಲಿ ಎರಡು ಋತುಗಳ ಕೆಟ್ಟ ನಿರ್ಧಾರಗಳು ಒಂದು ಕ್ಲಬ್ಬನ್ನು ದರ್ಜೆಯಿಂದಲೇ ಹೊರಗೆ ತಳ್ಳುತ್ತವೆ, ಆ ಭಯವೇ ಆಡಳಿತವನ್ನು ಎಚ್ಚರವಾಗಿಡುತ್ತದೆ. ಇಲ್ಲಿ ಎಂಟನೆಯವರಾದರೂ ಹತ್ತನೆಯವರಾದರೂ ಮುಂದಿನ ವರ್ಷ ಅದೇ ಲೀಗ್, ಅದೇ ಕ್ರೀಡಾಂಗಣ. ಶಿಕ್ಷೆಯನ್ನು ಲೀಗ್ ಕೊಡುವುದಿಲ್ಲವಾದ್ದರಿಂದ ಪ್ರಶ್ನೆಯನ್ನಾದರೂ ಅಭಿಮಾನಿಗಳು ಕೇಳಲೇಬೇಕಾಗುತ್ತದೆ.

2024ರ ಡಿಸೆಂಬರ್‌ನಲ್ಲಿ ಬೆಂಗಳೂರು ವಿರುದ್ಧ ನಾವು ಸೋತ ನಂತರ ಬ್ಲಾಸ್ಟರ್ಸ್ ಅಭಿಮಾನಿಗಳ ಮಂಞಪ್ಪಡ ಬಳಗ ಆಡಳಿತದಿಂದ ಟಿಕೆಟ್ ಪಡೆದು ಹಂಚುವುದನ್ನು ನಿಲ್ಲಿಸಿ ಬಹಿರಂಗವಾಗಿ ಪ್ರತಿಭಟಿಸಿದ್ದು ಇದೇ ಕಾರಣಕ್ಕೆ. ಅದಾದ ಮೇಲೆಯೇ ಸ್ಟಾರೆ ಹೋದದ್ದು, ಅದಾದ ಮೇಲೆಯೇ ಕ್ಲಬ್ ಅಭಿಮಾನಿಗಳ ಸಲಹಾ ಮಂಡಳಿಯೊಂದನ್ನು ಪ್ರಕಟಿಸಿದ್ದು. ಅದರ ನಡುವೆ ಹಂಗಾಮಿ ಹೊಣೆ ಹೊತ್ತ ಟಿ.ಜಿ. ಪುರುಷೋತ್ತಮನ್ ಬಹುಪಾಲು ಅದೇ ಆಟಗಾರರಿಂದ ಉಳಿದ 12 ಪಂದ್ಯಗಳಲ್ಲಿ 18 ಅಂಕ ತೆಗೆದರು. ನಮ್ಮ ಮನೆಯೊಳಗೇ ಇದ್ದ ಆ ಮನುಷ್ಯನ ಬಗ್ಗೆ ಆಡಳಿತ ಮೊದಲು ಯಾಕೆ ಯೋಚಿಸಲಿಲ್ಲ, ಆ ಸಾಧನೆಯ ನಂತರವೂ ಅವರಿಗೇ ಪೂರ್ಣಾವಧಿ ಕೊಡುವುದನ್ನು ಪರಿಗಣಿಸಿತೇ ಎಂಬುದಕ್ಕೂ ವಿವರಣೆ ಬೇಕು.

ಮಂಜೇಶ್ವರದಿಂದ ಕಲೂರಿಗೆ 350 ಕಿಲೋಮೀಟರ್‌ಗೂ ಹೆಚ್ಚು ದೂರ. ಏಳೂವರೆಯ ಪಂದ್ಯ ಮುಗಿಸಿ ರಾತ್ರಿಯ ರೈಲು ಹತ್ತಿದವರು ಊರಿಗೆ ಮುಟ್ಟುವಾಗ ಬೆಳಗಾಗಿರುತ್ತದೆ; ಅದೇ ದಿನ ಕೆಲಸಕ್ಕೂ ಹೋಗುವವರಿದ್ದಾರೆ. ಇಷ್ಟು ಮಾಡುವ ಜನ ಗೆಲುವಿನ ಖಾತರಿ ಕೇಳುತ್ತಿಲ್ಲ.

ಆದ್ದರಿಂದ ಸಲಹಾ ಮಂಡಳಿಗೆ ಒಂದು ಪತ್ರ ಬರೆಯೋಣ ಎಂದು ನನ್ನ ಸಲಹೆ. ಕ್ರೀಡಾ ನಿರ್ದೇಶಕರ ಕೆಲಸವನ್ನು ಆಡಳಿತ ಯಾವ ಅಳತೆಯಿಂದ ಅಳೆಯುತ್ತದೆ, ಕತಾಲಾ ಅವರಿಗೆ ಎಷ್ಟು ಋತುಗಳ ಭರವಸೆ ಕೊಟ್ಟಿದೆ, ಆಟಗಾರರ ಮಾರಾಟದಿಂದ ಬಂದ ಹಣದಲ್ಲಿ ತಂಡಕ್ಕೆ ಮರಳಿ ಬಂದದ್ದೆಷ್ಟು, ಮಹಿಳಾ ತಂಡ ಯಾವ ತಿಂಗಳು ಮತ್ತೆ ಆರಂಭವಾಗುತ್ತದೆ ಎಂಬುದನ್ನು ನೇರವಾಗಿ ಕೇಳೋಣ. ಪೆರ್ಲದ ಅಣ್ಣ ಹೇಳಿದ ವಾರ್ಷಿಕ ಸಭೆಯ ಬೇಡಿಕೆಯೂ ಅದರಲ್ಲಿರಲಿ. ಯಾರನ್ನೂ ವೈಯಕ್ತಿಕವಾಗಿ ನಿಂದಿಸುವ ಒಂದು ಪದವೂ ಬೇಡ.

ಅಡಿಕೆ ತೋಟ, ಪೆರ್ಲ

ನನ್ನ ಒಪ್ಪಿಗೆ ಇದೆ. ಋತು ಟಿಕೆಟ್ ತೆಗೆದುಕೊಳ್ಳುವ ನಿರ್ಧಾರವನ್ನು ನಮ್ಮ ಮನೆಯಲ್ಲಿ ಈ ಪತ್ರಕ್ಕೆ ಉತ್ತರ ಬರುವವರೆಗೆ ತಡೆಹಿಡಿಯುತ್ತೇವೆ. ಪಂದ್ಯಗಳನ್ನು ನೋಡುವುದಂತೂ ಬಿಡುವುದಿಲ್ಲ.

ಕುಂಬಳೆ ಟೀಚರ್

ಮಲಯಾಳದ ಕರಡನ್ನು ತ್ರಿಕ್ಕರಿಪುರದವರು ಬರೆದುಕೊಟ್ಟರೆ ಕನ್ನಡ ಮತ್ತು ಇಂಗ್ಲಿಷ್ ಪ್ರತಿಗಳನ್ನು ನಾನು ಸಿದ್ಧಪಡಿಸುತ್ತೇನೆ. ಮಹಿಳಾ ತಂಡದ ಪ್ರಶ್ನೆ ಕೊನೆಯಲ್ಲಿ ಬೇಡ, ಮೊದಲನೆಯದಾಗಿರಲಿ. ಶಾಲೆಯ ತಂಡದ ಹುಡುಗಿಯರೂ ಸಹಿ ಹಾಕುತ್ತೇವೆ ಎಂದಿದ್ದಾರೆ. ಅವರು ಚಿಕ್ಕವರಾದ್ದರಿಂದ ಮನೆಯವರ ಒಪ್ಪಿಗೆ ಕೇಳಿ ಸೋಮವಾರ ತಿಳಿಸುತ್ತೇನೆ.